ಮೂರು ಮಳೆಗಾಲ ಕಂಡ ವೈರ್‌ಗಾರ್ಡ್: ಉಡುಪಿಯ ಹಳೆ ಡೆಸ್ಕ್‌ಟಾಪಿನಿಂದ ಬರೆದದ್ದು

ಮನೆ ಉಡುಪಿಯ ಕಲ್ಸಂಕದ ಹತ್ತಿರ, ಆಫೀಸು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ. ನಡುವೆ ಹೆದ್ದಾರಿ 66ರ ಹತ್ತಿರ ಹತ್ತಿರ 60 ಕಿಲೋಮೀಟರ್. ನನ್ನದು ಲೆಕ್ಕಪತ್ರದ ಕೆಲಸ, ಟ್ಯಾಲಿ ಇರುವುದು ಆಫೀಸಿನ ಕಂಪ್ಯೂಟರಿನಲ್ಲಿ. ವಾರಕ್ಕೆ ಎರಡು ದಿನ ಬಸ್ಸು ಹತ್ತುತ್ತೇನೆ, ಉಳಿದ ದಿನ ಮನೆಯಿಂದಲೇ ರಿಮೋಟ್ ಡೆಸ್ಕ್‌ಟಾಪ್. ಅದಕ್ಕಾಗಿ ವಿಂಡೋಸ್‌ಗೆ ವೈರ್‌ಗಾರ್ಡ್ ಕ್ಲೈಂಟ್ ಹಾಕಿ ಮೂರು ಮಳೆಗಾಲ ಆಯಿತು. ಇಂಟರ್ನೆಟ್ಟಿನೊಳಗೆ ಮನೆಗೂ ಆಫೀಸಿಗೂ ನಡುವೆ ಗುಟ್ಟಿನ ಸುರಂಗ (ಟನಲ್) ಹಾಕುವ ವಿಪಿಎನ್ ತಂತ್ರಾಂಶ ಇದು. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ.

ಹಣ ಕೊಟ್ಟು ತೆಗೆದುಕೊಳ್ಳುವ ವಿಪಿಎನ್ ಬೇರೆ, ಇದು ಬೇರೆ. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಆದೇಶ ಬಂದಾಗ ನಮ್ಮ ಆಫೀಸಿನಲ್ಲೂ ಗಾಬರಿಯಾಗಿತ್ತು. ಗ್ರಾಹಕರ ಹೆಸರು, ವಿಳಾಸ, ಐಪಿ ಎಲ್ಲ ಐದು ವರ್ಷ ಇಟ್ಟುಕೊಳ್ಳಬೇಕು ಎಂದದ್ದು ಸಾರ್ವಜನಿಕರಿಗೆ ಸೇವೆ ಕೊಡುವವರಿಗೆ. ಕಂಪನಿ ತನ್ನ ಸಿಬ್ಬಂದಿಗೆ ಇಟ್ಟುಕೊಂಡ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ. ಇದು ನಮ್ಮದೇ ಸುರಂಗ, ಎರಡೂ ತುದಿ ನಮ್ಮದೇ.

ಹಾಕುವುದು ಹತ್ತು ನಿಮಿಷದ ಕೆಲಸ. ಕ್ಲೈಂಟಿನಲ್ಲಿ ಖಾಲಿ ಟನಲ್ ಸೇರಿಸಿದರೆ ಕೀಲಿ ಜೋಡಿಯನ್ನು ಅದೇ ಮಾಡಿಕೊಡುತ್ತದೆ. ಅದರಲ್ಲಿ ಹೊರಗೆ ಕೊಡಬಹುದಾದ ಪಬ್ಲಿಕ್ ಕೀಯನ್ನು ಆಫೀಸಿನ ಹುಡುಗನಿಗೆ ಕಳುಹಿಸಿದೆ, ಅವನು ಅಲ್ಲಿಯ ಲಿನಕ್ಸ್ ಡಬ್ಬಿಯಲ್ಲಿ (ಸುರಂಗದ ಆ ತುದಿಯ ಕಂಪ್ಯೂಟರ್) ಸೇರಿಸಿದ. ಆಫೀಸಿನ ರೂಟರಿನಲ್ಲಿ ವೈರ್‌ಗಾರ್ಡ್ ಒಳಬರುವ ಬಾಗಿಲು, ಅಂದರೆ ಯುಡಿಪಿ 51820 ಪೋರ್ಟ್, ತೆರೆದದ್ದಾಯಿತು. ಆದರೆ ಆಫೀಸಿನ ಲೈನು ಹಲವು ಗ್ರಾಹಕರು ಹಂಚಿಕೊಂಡ ಐಪಿಯ ಹಿಂದೆ ಇತ್ತು, 100.64ರಿಂದ ಶುರುವಾಗುವ ವಿಳಾಸ. ಅದು ಇದ್ದರೆ ಹೊರಗಿನಿಂದ ಬಾಗಿಲು ತಟ್ಟಲಿಕ್ಕೇ ಆಗುವುದಿಲ್ಲ. ನಮಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿ ತೆಗೆದುಕೊಂಡ ಮೇಲೆಯೇ ದಾರಿ ಸಿಕ್ಕಿದ್ದು.

ಎರಡನೇ ಎಡವಟ್ಟು ಎಲ್ಲರಿಗೂ ಆಗುವಂಥದ್ದು. ಮನೆಯ ರೂಟರಿನ ವಿಳಾಸಗಳ ಸಾಲೂ 192.168.1, ಆಫೀಸಿನದೂ 192.168.1. ಹ್ಯಾಂಡ್‌ಶೇಕ್ (ಎರಡೂ ತುದಿ ಒಂದನ್ನೊಂದು ಗುರುತಿಸಿಕೊಳ್ಳುವುದು) ಆಗಿದೆ, ಬೈಟುಗಳು ಓಡುತ್ತಿವೆ, ಟ್ಯಾಲಿ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ. ನಾನು ಹುಡುಕುತ್ತಿದ್ದ ವಿಳಾಸ ನಮ್ಮ ಮನೆಯ ಪ್ರಿಂಟರಿನದು ಮಾರಾಯ್ರೆ! ಆಫೀಸಿನ ವಿಳಾಸಗಳನ್ನು 10ರ ಸಾಲಿಗೆ ಬದಲಾಯಿಸಿದೆವು. ಸಿಬ್ಬಂದಿಯ ಒಂದೊಂದು ಮನೆಗೂ ಹೋಗಿ ರೂಟರ್ ಮುಟ್ಟುವುದಕ್ಕಿಂತ ಅದೇ ಲೇಸು.

ಇದರ ದೊಡ್ಡ ಗುಣವೂ ದೊಡ್ಡ ಕಿರಿಕಿರಿಯೂ ಒಂದೇ: ಮೌನ. ಕೀಲಿ ತಪ್ಪಿದ್ದರೆ ಆ ಕಡೆಯವನು ಉತ್ತರವನ್ನೇ ಕೊಡುವುದಿಲ್ಲ. ಅಪರಿಚಿತರಿಗೆ ಮನೆಯಲ್ಲಿ ಜನ ಇದ್ದಾರೆ ಎಂದೂ ತಿಳಿಯಬಾರದು ಎಂಬ ಲೆಕ್ಕ. ಭದ್ರತೆಗೆ ಒಳ್ಳೆಯದೇ. ಆದರೆ ತೊಂದರೆ ಹುಡುಕುವವನಿಗೆ ಲಾಗ್‌ನಲ್ಲಿ ಕಾಣುವುದು ಒಂದೇ ಸಾಲು: ಐದು ಸೆಕೆಂಡಿನಲ್ಲಿ ಹ್ಯಾಂಡ್‌ಶೇಕ್ ಮುಗಿಯಲಿಲ್ಲ, ಮತ್ತೆ ಪ್ರಯತ್ನ.

ಕಳೆದ ಮಳೆಗಾಲದಲ್ಲಿ ಆ ಸಾಲನ್ನು ಎಷ್ಟು ಸಲ ಓದಿದ್ದೇನೋ. ರಾತ್ರಿ ಗುಡುಗು ಬಂದರೆ ಎಲ್ಲ ಪ್ಲಗ್ ಕಿತ್ತಿಟ್ಟು ಮಲಗುವುದು ನಮ್ಮ ಕಡೆಯ ಪದ್ಧತಿ. ಬೆಳಿಗ್ಗೆ ಹಾಕಿದರೆ ಟನಲ್ ಇಲ್ಲ. ಆಫೀಸಿನ ಹುಡುಗ ಅಲ್ಲಿಯ ಡಬ್ಬಿ ರೀಸ್ಟಾರ್ಟ್ ಮಾಡಿದ ಕೂಡಲೇ ಹಿಡಿಯುತ್ತಿತ್ತು. ಸರಿ, ತಪ್ಪು ಆ ಡಬ್ಬಿಯದ್ದೇ ಎಂದು ತೀರ್ಮಾನ ಮಾಡಿ ಎರಡು ವಾರ ಅದನ್ನೇ ಬೈದೆವು. ಒಂದು ದಿನ ಟನಲ್ ಹಿಡಿದ ಮೇಲೆ ಜಿಎಸ್‌ಟಿ ಪೋರ್ಟಲ್ ತೆರೆದೆ. ಸರ್ಟಿಫಿಕೇಟಿನ ತಾರೀಕು ಸರಿ ಇಲ್ಲ ಎಂದು ಬ್ರೌಸರ್ ತಕರಾರು ತೆಗೆಯಿತು. ಪರದೆಯ ಮೂಲೆ ನೋಡಿದರೆ 2016, ಜನವರಿ 1!

ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸುವ ನನ್ನ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿತ್ತು. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕಿನಲ್ಲೂ ಸಮಯದ ಮುದ್ರೆ ಒತ್ತಿ ಕಳುಹಿಸುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆಯ ಮುದ್ರೆ ಬಂದರೆ, ಯಾರೋ ಹಳೆ ಪ್ಯಾಕೆಟ್ ಕದ್ದು ಮತ್ತೆ ಕಳುಹಿಸುತ್ತಿದ್ದಾರೆ ಎಂದು ಆ ಕಡೆ ಸುಮ್ಮನೆ ಬಿಸಾಡುತ್ತದೆ. ಆ ನೆನಪು ಇರುವುದು ಮೆಮೊರಿಯಲ್ಲಿ. ರೀಸ್ಟಾರ್ಟ್ ಮಾಡಿದರೆ ಮರೆತುಹೋಗುತ್ತದೆ, ಆಗ 2016ರವನೂ ಒಳಗೆ ಬರಬಹುದು. ಪಾಪ, ಡಬ್ಬಿಯದ್ದು ಎಂತ ತಪ್ಪೂ ಇರಲಿಲ್ಲ.

ನನ್ನ ಸೆಟ್ಟಿಂಗ್ ಇದನ್ನು ಇನ್ನಷ್ಟು ಗಂಟು ಹಾಕಿತ್ತು. ಯಾವ ವಿಳಾಸಗಳು ಟನಲ್ ಮೂಲಕ ಹೋಗಬೇಕು ಎಂದು ಹೇಳುವ ಅಲೌಡ್ ಐಪೀಸ್ ಜಾಗದಲ್ಲಿ 0.0.0.0/0, ಅಂದರೆ ಎಲ್ಲವೂ, ಎಂದು ಹಾಕಿ, ಟನಲ್ ಬಿಟ್ಟು ಬೇರೆ ದಾರಿಯೇ ಇಲ್ಲದಂತೆ ಮಾಡುವ ಕಿಲ್-ಸ್ವಿಚ್‌ಗೆ ಟಿಕ್ ಹಾಕಿದ್ದೆ. ಗಡಿಯಾರ ತಪ್ಪಾಗಿದೆ ಎಂದು ಟನಲ್ ಇಲ್ಲ, ಟನಲ್ ಇಲ್ಲವೆಂದು ಟೈಮ್ ಸರ್ವರ್ ಇಲ್ಲ, ಬ್ರೌಸರಿನ ತಕರಾರೂ ಇಲ್ಲ. ಈಗ ಆ ಜಾಗದಲ್ಲಿ ಆಫೀಸಿನ ವಿಳಾಸಗಳು ಮಾತ್ರ ಉಂಟು. ಮನೆಯ ಇಂಟರ್ನೆಟ್ ತನ್ನಷ್ಟಕ್ಕೆ ಓಡುತ್ತದೆ. ಬ್ಯಾಟರಿ ಸಿಆರ್2032, ಬಸ್ಸಿನ ಟಿಕೆಟಿಗಿಂತ ಕಡಿಮೆ ದುಡ್ಡು.

ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಹ್ಯಾಂಡ್‌ಶೇಕ್ ಆಗಿಯೂ ರಿಮೋಟ್ ಪರದೆ ಕಪ್ಪಾಗಿ ನಿಂತರೆ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ, ನನಗೆ ಅದು ಸಾಕಾಯಿತು. ಸುಮ್ಮನಿದ್ದಾಗ ಸಂಪರ್ಕ ಜಡವಾದರೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಹಾಕಿ, 25 ಸೆಕೆಂಡಿಗೊಮ್ಮೆ ಅದು ಸಂಪರ್ಕವನ್ನು ತಟ್ಟಿ ಎಚ್ಚರವಾಗಿಡುತ್ತದೆ.

ಅರ್ಧ ನಕ್ಷತ್ರ ಹಿಡಿದಿಟ್ಟದ್ದಕ್ಕೆ ಕಾರಣ: ಟನಲ್ ಆನ್ ಆಫ್ ಮಾಡಲಿಕ್ಕೂ ಅಡ್ಮಿನ್ ಅಧಿಕಾರ ಬೇಕು. ಸಾಮಾನ್ಯ ಖಾತೆಗೆ ಬಿಟ್ಟುಕೊಡಬೇಕಾದರೆ ವಿಂಡೋಸಿನ ಒಳ ಸೆಟ್ಟಿಂಗುಗಳ ರಿಜಿಸ್ಟ್ರಿಗೆ ಕೈ ಹಾಕಬೇಕು. ನಮ್ಮ ಕುಂದಾಪುರದ ಸಹೋದ್ಯೋಗಿಗೆ ಫೋನಿನಲ್ಲಿ ಅದನ್ನು ಹೇಳಿಕೊಡುವಷ್ಟರಲ್ಲಿ ನನ್ನ ಒಂದು ಮಧ್ಯಾಹ್ನ ಹೋಯಿತು.