ಎಂಪ್ರೆಸ್, ಗೆಂಟಿಂಗ್ ಡ್ರೀಮ್, ರೀಜೆಂಟ್: ಕೊಟ್ಟ ಕಾಸಿಗೆ ಸಿಗುವ ಐಷಾರಾಮ ಎಷ್ಟು?

'ಲಕ್ಷುರಿ' ಎಂದು ಹೇಳಿಕೊಳ್ಳದ ಕ್ರೂಸ್ ಹಡಗೇ ಇಲ್ಲ. ಫೋಟೊಗಳನ್ನು ಬದಿಗಿಟ್ಟು ಒಂದು ಭಾಗಾಕಾರ ಮಾಡಿ ನೋಡಿ. ಹಡಗಿನ ಗ್ರಾಸ್ ಟನೇಜನ್ನು, ಕ್ಯಾಬಿನ್ನಿಗೆ ಇಬ್ಬರಂತೆ ಹಿಡಿಸುವ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಬೇಕು. ಟನೇಜ್ ಇಲ್ಲಿ ತೂಕವಲ್ಲ, ಒಳಗಿನ ಜಾಗದ ಅಳತೆ. ಬಂದ ಅಂಕಿ ದೊಡ್ಡದಾದಷ್ಟೂ ಒಬ್ಬೊಬ್ಬರಿಗೆ ಸಿಗುವ ಜಾಗ ಹೆಚ್ಚು. ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್‌ಗೆ (ಟನೇಜ್ 48,563, ಸುಮಾರು 1,600 ಜನ) 30 ಬರುತ್ತದೆ. ಸಿಂಗಪುರದ ಗೆಂಟಿಂಗ್ ಡ್ರೀಮ್‌ಗೆ (ಸುಮಾರು 1,50,700, 3,350 ಜನ) 45. ರೀಜೆಂಟ್ ಕಂಪನಿಯ ಸೆವೆನ್ ಸೀಸ್ ಎಕ್ಸ್‌ಪ್ಲೋರರ್‌ಗೆ (ಸುಮಾರು 55,250, 750 ಜನ) 73ರ ಮೇಲೆ. ಬಫೆಯ ಸಾಲು, ಲಿಫ್ಟಿಗೆ ಕಾಯುವುದು, ಈಜುಕೊಳದ ಬದಿಯ ಕುರ್ಚಿಗೆ ಬೆಳಿಗ್ಗೆಯೇ ಟವೆಲ್ ಹಾಸುವ ಪೈಪೋಟಿ, ಎಲ್ಲವನ್ನೂ ಈ ಅಂಕಿಯಿಂದಲೇ ಊಹಿಸಬಹುದು. ಶಾಲೆಗೆ ರಜೆ ಇದ್ದಾಗ ಮೂರನೇ, ನಾಲ್ಕನೇ ಬರ್ತ್‌ಗಳೂ ತುಂಬಿ ಜಾಗ ಇನ್ನಷ್ಟು ಕಿರಿದಾಗುತ್ತದೆ.

ಎಂಪ್ರೆಸ್ 1990ರ ಹಡಗು. ಕ್ಯಾಬಿನ್ನುಗಳು ಸಣ್ಣವು, ಬಾಲ್ಕನಿ ಇರುವವು ಬೆರಳೆಣಿಕೆಯಷ್ಟು. ಆದರೆ ದೇಶದೊಳಗಿನ ಮಾರ್ಗಕ್ಕೆ ವೀಸಾ ಬೇಡ, ಜೈನ ಊಟವೂ ಸಿಗುತ್ತದೆ. ಹಿರಿಯರನ್ನು ಕರೆದುಕೊಂಡು ಮೊದಲ ಸಲ ಹೊರಡುವವರಿಗೆ ಇದು ಸಾಕು. ಜಾಹೀರಾತಿನ ದರಕ್ಕೆ ಜಿಎಸ್‌ಟಿ, ಬಂದರು ಶುಲ್ಕ, ಟಿಪ್ಸ್ ಸೇರಿಸಿಯೇ ಲೆಕ್ಕ ಹಾಕಿ. ಲಕ್ಷದ್ವೀಪದ ಆಸೆಗೆ ಹೊರಟವರು ಒಂದು ವಿಷಯ ತಿಳಿದಿರಬೇಕು: ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ದಡಕ್ಕೆ ಹೋಗಲು ಸಣ್ಣ ದೋಣಿ. ಅಲೆ ಜೋರಾದರೆ ಇಳಿಯುವುದೇ ರದ್ದು, ಹಾಗಾದರೂ ಟಿಕೆಟ್ಟಿನ ಪೂರ್ತಿ ಹಣ ವಾಪಸು ಬರುವುದಿಲ್ಲ. ಮಳೆಗಾಲ ಹತ್ತಿರವಾದಷ್ಟೂ ಈ ಅಪಾಯ ಹೆಚ್ಚು.

ಗೆಂಟಿಂಗ್ ಡ್ರೀಮ್ 2016ರದ್ದು, ಬಹುಪಾಲು ಕ್ಯಾಬಿನ್ನುಗಳಿಗೆ ಬಾಲ್ಕನಿ ಇದೆ. ಅದು ಸಾಗುವ ಮಲಕ್ಕಾ ಜಲಸಂಧಿಯಲ್ಲಿ ಅಲೆ ಕಡಿಮೆ, ಹಾಗಾಗಿ ಹೊಟ್ಟೆ ತೊಳಸುವವರಿಗೆ ಅನುಕೂಲ. ಇಲ್ಲಿ ನಿಜವಾಗಿ ಹೋಲಿಸಬೇಕಾದದ್ದು ಬಾಲ್ಕನಿ ಕ್ಯಾಬಿನ್ ಮತ್ತು 'ದಿ ಪ್ಯಾಲೆಸ್' ವಿಭಾಗವನ್ನು. ಪ್ಯಾಲೆಸ್‌ನವರಿಗೆ ಪ್ರತ್ಯೇಕ ಕೊಳ, ಪ್ರತ್ಯೇಕ ರೆಸ್ಟೋರೆಂಟ್, ಬೇಕುಬೇಡ ನೋಡಿಕೊಳ್ಳುವ ಬಟ್ಲರ್. ದೊಡ್ಡ ಹಡಗಿನ ಜಂಗುಳಿ ಅವರ ಬಾಗಿಲ ಹೊರಗೇ ಉಳಿಯುತ್ತದೆ. ಎರಡು ಮೂರು ರಾತ್ರಿಯ ರಜೆಯಷ್ಟೇ ಇದ್ದರೆ ನಮ್ಮ ಆಯ್ಕೆ ಇದೇ. ಸಿಂಗಪುರ ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು: ಹಡಗು ಮಲೇಷ್ಯಾ ಮುಟ್ಟಿ ಮರಳಿದಾಗ ನೀವು ಮತ್ತೆ ದೇಶ ಪ್ರವೇಶಿಸಿದಂತೆ. ಅರೈವಲ್ ಕಾರ್ಡನ್ನೂ ಎರಡನೇ ಸಲ ತುಂಬಬೇಕು.

ರೀಜೆಂಟ್‌ನ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರಲ್ಲಿ ಪಾನೀಯ, ಟಿಪ್ಸ್, ವೈಫೈ, ಬಂದರುಗಳಲ್ಲಿ ಊರು ಸುತ್ತಾಟ ಎಲ್ಲ ಸೇರಿದೆ. ಎಲ್ಲ ಕೋಣೆಗೂ ಬಾಲ್ಕನಿ. ಮದ್ಯ ಮುಟ್ಟದವರು ಮಾತ್ರ ಬೇರೆಯವರ ಲೋಟಕ್ಕೂ ದುಡ್ಡು ಕೊಟ್ಟಂತೆ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆದು ತಿಳಿಸಬೇಕು, ಹಡಗು ಹತ್ತಿದ ಮೇಲೆ ಹೇಳಿದರೆ ಸಲಾಡ್, ಪಾಸ್ತಾದಲ್ಲೇ ದಿನ ಕಳೆಯಬೇಕಾದೀತು. ವಿದೇಶಿ ಪ್ಯಾಕೇಜಿಗೆ ಏಜೆಂಟ್ ಹಿಡಿಯುವ ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲಾಗುವ ತೆರಿಗೆ) ಅನ್ನು ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಯಾವ ಹಡಗೇ ಆಗಲಿ, ಕಡಿಮೆ ದರದ 'ಗ್ಯಾರಂಟಿ ಕ್ಯಾಬಿನ್' ಎಂದರೆ ಕೋಣೆಯ ಆಯ್ಕೆ ಕಂಪನಿಯದ್ದು. ತಲೆಸುತ್ತು ಬರುವವರು ಅದನ್ನು ಬಿಟ್ಟು, ಕೆಳಗಿನ ಡೆಕ್ಕಿನಲ್ಲಿ ಹಡಗಿನ ನಡುಭಾಗದ ಕೋಣೆಯ ನಂಬರನ್ನೇ ಕೇಳಿ ಪಡೆಯಲಿ. ಡೆಕ್ ನಕ್ಷೆ ತೆರೆದು ಮೇಲೆ, ಕೆಳಗೆ ಏನಿದೆ ನೋಡಿ: ಮೇಲೆ ಈಜುಕೊಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಡ್ರಮ್ಮಿನ ಸದ್ದು.