ಗ್ಲೀ ಕ್ರಿಸ್‌ಮಸ್ ಆಲ್ಬಂ: ಮೊದಲನೆಯದೋ, ಎರಡನೆಯದೋ?

ಗ್ಲೀ ಅಂದರೆ ಶಾಲೆಯೊಂದರ ಹಾಡುವ ಗುಂಪಿನ ಕಥೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ. ಅದರ ಮೊದಲ ಎರಡು ಕ್ರಿಸ್‌ಮಸ್ ಆಲ್ಬಂಗಳನ್ನೂ ಕೊಂಡೆ. ಎರಡು ಡಿಸೆಂಬರ್ ಪೂರ್ತಿ ಎರಡನ್ನೂ ಕೇಳಿದೆ. ಈಗ ಕಾರಿನಲ್ಲಿ ಉಳಿದಿರುವುದು ಮೊದಲನೆಯದು, ಅಂದರೆ 2010ರದ್ದು. 2011ರದ್ದು ಮನೆಯ ಷೆಲ್ಫಿನಲ್ಲಿದೆ.

ನಾವಿರುವುದು ಓಹಾಯೊದ ಡೇಟನ್‌ನಲ್ಲಿ. ಗ್ಲೀ ಧಾರಾವಾಹಿಯ ಕಥೆ ನಡೆಯುವ ಲೈಮಾ ಊರು ಇಲ್ಲಿಂದ ಐ-75 ಹಿಡಿದು ಒಂದೂಕಾಲು ಗಂಟೆ ದಾರಿ. ಮಗಳು ಶಾಲೆಯ ಕಾಯರ್‌ನಲ್ಲಿ ಹಾಡುತ್ತಾಳೆ. ಕಾರು ಹಳೆಯದು, ಆದರೆ ಅದರ ಸಿಡಿ ಪ್ಲೇಯರ್ ಗಟ್ಟಿ. ಪ್ರಾಕ್ಟೀಸಿಗೆ ಕರೆದುಕೊಂಡು ಹೋಗಿ ಬರುವಾಗ ಅದೇ ನಮ್ಮ ಸಂಗಾತಿ.

ಕೊಳ್ಳುವಾಗಲೇ ಒಂದು ಎಡವಟ್ಟಾಯಿತು. ಮೊದಲ ಆಲ್ಬಂನ ಹೆಸರಿನಲ್ಲಿ ಎಲ್ಲೂ 'ಒಂದು' ಅಂತ ಇಲ್ಲ. ಬರೀ ಕ್ರಿಸ್‌ಮಸ್ ಆಲ್ಬಂ ಅಷ್ಟೇ. ಫೋನಿನಲ್ಲಿ ಹೇಳಿ ತೆಗೆದಿಡಿಸಿದ್ದೆ. ಸೆಕೆಂಡ್‌ಹ್ಯಾಂಡ್ ಅಂಗಡಿಯವರು ತೆಗೆದಿಟ್ಟದ್ದು ವಾಲ್ಯೂಮ್ 2. ಮನೆಗೆ ಬಂದು ನೋಡಿದ ಮೇಲೆ ಗೊತ್ತಾಯಿತು. ಮೂರು ಡಾಲರಿನ ಸಿಡಿಗೆ ಮತ್ತೆ ಯಾರು ಓಡಾಡುತ್ತಾರೆ ಅಂತ ಇಟ್ಟುಕೊಂಡೆ. ಮೊದಲನೆಯದನ್ನು ಆಮೇಲೆ ಬೇರೆ ಕಡೆ ಹುಡುಕಿ ತಂದೆ. ನೀವು ಕೊಳ್ಳುವುದಾದರೆ ಹೆಸರು ನೋಡಬೇಡಿ, ಇಸವಿ ನೋಡಿ.

ಎರಡರಲ್ಲೂ ಹನ್ನೆರಡೇ ಹಾಡು. ಗಾಯಕರೂ ಹೆಚ್ಚುಕಡಿಮೆ ಅವರೇ. ಆದರೂ ಕಾರಿನಲ್ಲಿ ಹಾಕಿದಾಗ ಬೇರೆ ಬೇರೆ ಮನೆಗೆ ಹೋದ ಹಾಗಿರುತ್ತದೆ. ಮೊದಲನೆಯದು ಗುಂಪಿನ ಹಾಡಿನಿಂದ ಶುರುವಾಗುತ್ತದೆ, ಮತ್ತೆ ಮತ್ತೆ ಗುಂಪಿಗೇ ಬರುತ್ತದೆ. 1964ರ ರೂಡಾಲ್ಫ್ ಟಿವಿ ಸ್ಪೆಷಲ್‌ನ 'ದ ಮೋಸ್ಟ್ ವಂಡರ್‌ಫುಲ್ ಡೇ ಆಫ್ ದ ಇಯರ್' ಇದರಲ್ಲಿದೆ. ಅದು ಮೂಲದಲ್ಲಿ ಯಾರಿಗೂ ಬೇಡವಾದ ಆಟಿಕೆಗಳ ಹಾಡು. ಶಾಲೆಯಲ್ಲಿ ಯಾರಿಗೂ ಬೇಡವಾದ ಈ ಮಕ್ಕಳ ಬಾಯಲ್ಲಿ ಅದನ್ನು ಕೇಳಿದರೆ ಗಂಟಲು ಕಟ್ಟುತ್ತದೆ. ನನ್ನ ಮಗಳು ಅದಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾಳೆ. ಎರಡನೇ ದನಿ ಎಲ್ಲಿ ಸೇರುತ್ತದೋ ಅಲ್ಲಿ ಬೆರಳು ನಿಲ್ಲುತ್ತದೆ, ತಾನೂ ಹಾಡಲು ಶುರುಮಾಡುತ್ತಾಳೆ.

ಎರಡನೆಯದರಲ್ಲಿ ಒಬ್ಬೊಬ್ಬರದ್ದೇ ಹಾಡು ಜಾಸ್ತಿ. ಚೆನ್ನಾಗಿಲ್ಲ ಅಂತಲ್ಲ. ಆಂಬರ್ ರೈಲಿಯ 'ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ' ಒಂದಕ್ಕೇ ಮೂರು ಡಾಲರ್ ಕೊಡಬಹುದು. ಆದರೆ ಅಂಥ ದನಿಯ ಜೊತೆ ಸೇರಿ ಹಾಡೋಕೆ ಆಗಲ್ಲ, ಸುಮ್ನೆ ಕೂತು ಕೇಳಬೇಕು.

ಲಿಯಾ ಮಿಷೆಲ್ ಹಾಡಿದ 'ರಿವರ್' ಕೂಡ ಅದರಲ್ಲೇ ಇದೆ. ಜೋನಿ ಮಿಚೆಲ್ ಅವರ 1971ರ ಹಾಡು ಅದು. ಹೋದ ವರ್ಷ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಧನುರ್ಮಾಸ ಅಂತ ಬೆಳಗಿನ ಜಾವ ಎದ್ದು ಹುಗ್ಗಿ ಮಾಡಿ, ಬಿಸಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಲ್ಲಿ ಕೂತಿದ್ದರು. ಆ ಹಾಡು ಬಂದಾಗ, 'ಇವಳ್ಯಾಕೆ ಹೀಗೆ ಕೊರಗ್ತಿದಾಳೆ ಕಣೇ?' ಅಂತ ಕೇಳಿದರು. ಭಾಷೆ ತಿಳಿಯದವರಿಗೂ ತಟ್ಟುವಷ್ಟು ಚೆನ್ನಾಗಿದೆ. ಬೆಳಿಗ್ಗೆ ಏಳೂವರೆಗೆ ನನಗೆ ಅಷ್ಟು ದುಃಖ ಬೇಡ.

'ಮೈ ಫೇವರಿಟ್ ಥಿಂಗ್ಸ್' ಕ್ರಿಸ್‌ಮಸ್ ಹಾಡೇ ಅಲ್ಲ, ದ ಸೌಂಡ್ ಆಫ್ ಮ್ಯೂಸಿಕ್ ನಾಟಕದ್ದು. ಇರಲಿ, ಕೇಳಲು ಹಿತ.

ಇನ್ನು ನನ್ನ ದೊಡ್ಡ ತಕರಾರು. ಅದು ನನಗೆ ಇಷ್ಟವಾದ ಮೊದಲ ಆಲ್ಬಂ ಮೇಲೆಯೇ.

2010ರ ಕ್ರಿಸ್‌ಮಸ್ ಕಂತಿನ ಕೊನೆಯಲ್ಲಿ ಆ ಮಕ್ಕಳು ಶಿಕ್ಷಕರ ಕೋಣೆಯಲ್ಲಿ ನಿಂತು 'ವೆಲ್‌ಕಮ್ ಕ್ರಿಸ್‌ಮಸ್' ಹಾಡುತ್ತಾರೆ. 1966ರ ಗ್ರಿಂಚ್ ಕಾರ್ಟೂನಿನ ಹಾಡು ಅದು. ಕಾರ್ಟೂನಿನಲ್ಲಿ ಗ್ರಿಂಚ್ ಉಡುಗೊರೆಗಳನ್ನೆಲ್ಲ ಕದ್ದರೂ ಊರಿನವರು ಕೈ ಕೈ ಹಿಡಿದು ಇದನ್ನೇ ಹಾಡುತ್ತಾರೆ, ಗ್ರಿಂಚ್‌ನ ಮನಸ್ಸು ಕರಗುತ್ತದೆ. ಇಲ್ಲಿ ಕರಗುವುದು ಈ ಗುಂಪನ್ನು ಕಂಡರಾಗದ ಕೋಚ್ ಸ್ಯೂ ಸಿಲ್ವೆಸ್ಟರ್ ಮನಸ್ಸು. ನಾನು ಸಿಡಿ ಹುಡುಕಿಕೊಂಡು ಹೋದದ್ದೇ ಈ ಹಾಡಿಗೆ.

ಆಲ್ಬಂನಲ್ಲಿ ಅದಿಲ್ಲ. ಹನ್ನೆರಡು ಹಾಡೂ ಮುಗಿಯುವ ತನಕ ಕಾದೆ. ಕೇಸಿನ ಹಿಂದಿನ ಪಟ್ಟಿಯನ್ನು ಎರಡು ಸಲ ಓದಿದೆ. ವಾಲ್ಯೂಮ್ 2ರಲ್ಲಿ ಇದೆಯೇನೋ ಅಂತ ಅದನ್ನೂ ತೆಗೆದು ನೋಡಿದೆ, ಅಲ್ಲೂ ಇಲ್ಲ. ಮೊದಲನೆಯದರಲ್ಲಿ ಅದೇ ಕಾರ್ಟೂನಿನ ಗ್ರಿಂಚ್‌ನನ್ನು ಬೈಯುವ ಹಾಡು ಮಾತ್ರ ಇದೆ. ಮ್ಯಾಥ್ಯೂ ಮಾರಿಸನ್ ಜೊತೆ ಕೆ.ಡಿ. ಲ್ಯಾಂಗ್ ಬಂದು ಸೊಗಸಾಗಿ ಹಾಡಿದ್ದಾರೆ. ಬೈಗುಳ ಇಟ್ಟುಕೊಂಡು, ಮನಸ್ಸು ಕರಗಿಸುವ ಹಾಡನ್ನು ಬಿಟ್ಟರೆ ಹೇಗೆ? ಎರಡೂ ಸೇರಿದರೆ ತಾನೇ ಕಥೆ? ಇವತ್ತಿಗೂ ಬೇಜಾರಿದೆ.

ಆದರೂ ಮೊದಲನೆಯದೇ ಯಾಕೆ ಅಂದರೆ, ಅದರಲ್ಲಿ 'ಬೇಬಿ, ಇಟ್ಸ್ ಕೋಲ್ಡ್ ಔಟ್‌ಸೈಡ್' ಇದೆ. ಗಂಡು-ಹೆಣ್ಣಿನ ಜುಗಲ್‌ಬಂದಿಯಾಗಿದ್ದ ಹಾಡನ್ನು ಡ್ಯಾರೆನ್ ಕ್ರಿಸ್, ಕ್ರಿಸ್ ಕೋಲ್ಫರ್ ಇಬ್ಬರು ಹುಡುಗರು ಹಾಡಿದ್ದಾರೆ. ಕಥೆಯಲ್ಲಿ ಬ್ಲೇನ್, ಅಂದರೆ ಡ್ಯಾರೆನ್ ಕ್ರಿಸ್‌ನ ಪಾತ್ರ, ಇದನ್ನು ಪ್ರಾಕ್ಟೀಸ್ ಮಾಡುವುದು ಕಿಂಗ್ಸ್ ಐಲೆಂಡಿನ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ. ಬೇಸಿಗೆಯಲ್ಲಿ ನಾವು ಮಗಳನ್ನು ಕರೆದುಕೊಂಡು ಹೋಗುವ ಪಾರ್ಕ್ ಅದು. ಒಬ್ಬ ಸಾಲು ಮುಗಿಸುವ ಮೊದಲೇ ಇನ್ನೊಬ್ಬ ಶುರುಮಾಡುತ್ತಾನೆ, ಒಂದು ಕಡೆಯೂ ತಡವರಿಕೆ ಇಲ್ಲ. ಎರಡನೇ ಆಲ್ಬಂನಲ್ಲಿ ಇದೇ ಜೋಡಿ 'ಲೆಟ್ ಇಟ್ ಸ್ನೋ' ಹಾಡಿದೆ. ಚುರುಕಾಗಿದೆ, ಆದರೆ ಈ ಸಲಿಗೆ ಅದರಲ್ಲಿಲ್ಲ.

ಅಡುಗೆಮನೆಯಲ್ಲಿ ಒಬ್ಬರೇ ಕೆಲಸ ಮಾಡುತ್ತಾ ಒಳ್ಳೆಯ ದನಿ ಕೇಳಬೇಕು ಅನ್ನುವವರು ಎರಡನೆಯದು ಕೊಳ್ಳಿ. ನನ್ನ ಹಾಗೆ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರಿಗೆ ಮೊದಲನೆಯದೇ ಸರಿ. ಐದು ಡಾಲರ್ ಒಳಗೆ ಸಿಕ್ಕರೆ ಯೋಚನೆ ಮಾಡದೆ ತಗೊಳ್ಳಿ.

ನಮ್ಮ ಕಾರಿನಲ್ಲಿ ಈಗ ಹನ್ನೆರಡನೇ ಹಾಡು ಮುಗಿದ ಕೂಡಲೇ, ಮತ್ತೆ ಮೊದಲಿಂದ ಶುರುವಾಗುವ ಮುಂಚೆ, ಮಗಳು ಬಟನ್ ಒತ್ತಿ ನಿಲ್ಲಿಸುತ್ತಾಳೆ. 'ವೆಲ್‌ಕಮ್ ಕ್ರಿಸ್‌ಮಸ್' ತಾನೇ ಹಾಡುತ್ತಾಳೆ. ಕೆಳಗಿನ ದನಿ ನನ್ನದು.