ದಾವಣಗೆರೆ, ದುರ್ಗದ ಸೈಕಲ್ ಮಂದಿಗೆ: ಮನಾಲಿ-ಲೇಹ್ ಪ್ಯಾಕೇಜಿಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಮೊನ್ನೆ ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಒಬ್ಬ ಹುಡುಗ ಸೈಕಲ್ ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. "ಸಾರ್, ಲೇಹ್ ಟೂರ್ ಮಾಡಿದೋರು ನೀವೇ ಅಲ್ವಾ? ನಿಮ್ಮ ಫೋಟೋ ನೋಡೇ ನಾನೂ ಐದು ಸಾವಿರ ಅಡ್ವಾನ್ಸ್ ಕೊಟ್ಟೆ" ಅಂದ. ಫೋನ್ ತೆಗೆದು ತೋರಿಸಿದ. ರೋಹ್ತಾಂಗ್ ಬೋರ್ಡಿನ ಪಕ್ಕ ಸೈಕಲ್ ಹಿಡಿದು ಹಲ್ಲು ಕಿರಿದುಕೊಂಡು ನಿಂತವನು ನಾನೇ. ಕೆಳಗೆ ಹೀಗೆ ಬರೆದಿತ್ತು: "ನಮ್ಮ ಖುಷಿಯ ಗ್ರಾಹಕರು. ಮುಂದಿನ ಬ್ಯಾಚ್ ಜೂನ್. ಮೂರೇ ಸೀಟ್ ಬಾಕಿ."

ಖುಷಿಯಂತೆ!

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆ, ಅಷ್ಟೇ ಕಾರಣ. ಹದಿನೆಂಟು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಒಂದು ಕೆಜಿ ಮೊಳೆ ಉದ್ರಿ ಕೊಡಬೇಕಾದರೂ ಎರಡು ಸಲ ಯೋಚಿಸುವವನು, ಐವತ್ತೊಂಬತ್ತು ಸಾವಿರವನ್ನು ರಸೀದಿ ಇಲ್ಲದೆ ಫೋನಿನಲ್ಲಿ ಒತ್ತಿಬಿಟ್ಟೆ. ಮನೆಯಲ್ಲಿ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ. ಈ ಬರಹ ನನ್ನ ಹೆಂಡತಿ ಓದಿದರೆ ಇವತ್ತು ರಾತ್ರಿ ಊಟ ಇರಲ್ಲ. ಪರವಾಗಿಲ್ಲ.

ಈ ಟೂರ್ ಮಾರಿದ ಏಜೆಂಟನ ಹೆಸರು ಹಾಕುವುದಿಲ್ಲ. ನನ್ನ ಫೋಟೋ ಇರುವ ಜಾಹೀರಾತು ನೋಡಿದವರಿಗೆ ಯಾರು ಅಂತ ಗೊತ್ತಾಗುತ್ತದೆ.

ಶುರುವಾಗಿದ್ದು ಜೋಗಿಮಟ್ಟಿಯಿಂದ. ನಾನು, ನನ್ನ ಗೆಳೆಯ ಇಬ್ಬರೂ ದಿನಾ ಬೆಳಿಗ್ಗೆ ಹರಿಹರದ ತನಕ ಹೋಗಿ ಬರುವವರು. ಒಂದು ಭಾನುವಾರ ದುರ್ಗಕ್ಕೆ ಹೋಗಿ ಜೋಗಿಮಟ್ಟಿ ಏರಿ ಬಂದೆವು. ಆ ಫೋಟೋ ಹಾಕಿದ ಸಂಜೆಯೇ ಮೆಸೇಜ್ ಬಂತು. "ಸಾರ್, ಜೋಗಿಮಟ್ಟಿ ಹತ್ತಿದೋರಿಗೆ ರೋಹ್ತಾಂಗ್ ಏನು ದೊಡ್ಡದು? ನಿಮ್ಮ ಸ್ಟ್ಯಾಮಿನಾಗೆ ಅದು ಆಟ ಸಾರ್." ಈಗ ಓದಿದರೆ ಮೈ ಉರಿಯುತ್ತದೆ. ಆವತ್ತು ಮಾತ್ರ ಆ ಮೆಸೇಜನ್ನು ನಾಲ್ಕು ಸಲ ಓದಿದ್ದೆ, ಖುಷಿಯಿಂದ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ರೋಹ್ತಾಂಗ್ 3,978 ಮೀಟರ್. ಆ ದಾರಿಯಲ್ಲಿ ಅದೇ ಚಿಕ್ಕ ಪಾಸ್, ಅಂದರೆ ಬೆಟ್ಟಸಾಲು ದಾಟುವ ಜಾಗ. ಮುಂದೆ ಬಾರಾಲಾಚಾ, ನಕೀಲಾ, ಲಾಚುಲುಂಗ್, ಕೊನೆಗೆ 5,328 ಮೀಟರಿನ ತಂಗ್ಲಾಂಗ್ ಲಾ. ಇದೆಲ್ಲ ನನಗೆ ಗೊತ್ತಿತ್ತು ಕಣ್ರೀ. ವಿಡಿಯೋ ನೋಡಿ ನೋಡಿ ಬಾಯಿಪಾಠ ಆಗಿತ್ತು. ಆದರೂ "ಆಟ ಸಾರ್" ಅಂದಾಗ ಹೌದೇನೋ ಅನ್ನಿಸಿತು.

ಬೆಣ್ಣೆ ದೋಸೆ ಹೋಟೆಲಿನಲ್ಲಿ ಮೀಟಿಂಗ್ ಆಯಿತು. ತಲೆಗೆ 26,000. ಅದರಲ್ಲಿ ಬ್ಯಾಕಪ್ ಗಾಡಿ, ಮೆಕ್ಯಾನಿಕ್, ಟೆಂಟು, ಊಟ, ಆಕ್ಸಿಜನ್ ಸಿಲಿಂಡರ್ ಎಲ್ಲಾ ಸೇರಿ. ನಮ್ಮ ಜೊತೆ ಇನ್ನೂ ಆರು ಜನ ಇರುತ್ತಾರೆ, ಬೆಂಗಳೂರಿನವರು, ಸೀದಾ ಮನಾಲಿಗೆ ಬರುತ್ತಾರೆ ಅಂದ. ದುಡ್ಡು ಹಾಕಿ ಅಂತ ಕೊಟ್ಟ ನಂಬರು ಬೇರೆ ಹೆಸರಿನಲ್ಲಿತ್ತು. ಕೇಳಿದೆ. "ನಮ್ಮ ಭಾವಮೈದಂದು ಸಾರ್, ನನ್ನ ಅಕೌಂಟಲ್ಲಿ ಲಿಮಿಟ್ ಆಗಿದೆ." ಅಲ್ಲೇ ಎದ್ದು ಬರಬೇಕಿತ್ತು. ಎದ್ದು ಬರೋದಿರಲಿ, ಅವತ್ತಿನ ದೋಸೆ ದುಡ್ಡೂ ನಾನೇ ಕೊಟ್ಟೆ.

ಹೊರಡಲು ಹನ್ನೆರಡು ದಿನ ಇದ್ದಾಗ ಮತ್ತೆ ಮೆಸೇಜ್. ಪರ್ಮಿಟ್ ಫೀಸು ತಲೆಗೆ 3,500, ರೋಹ್ತಾಂಗ್ ಪರ್ಮಿಟ್ ಮತ್ತು ಗಡಿ ಪ್ರದೇಶಕ್ಕೆ ಹೋಗುವ ಇನ್ನರ್ ಲೈನ್ ಪರ್ಮಿಟ್ ಸೇರಿ, ಇವತ್ತೇ ಕಟ್ಟಬೇಕು, ಇಲ್ಲದಿದ್ದರೆ ಚೆಕ್‌ಪೋಸ್ಟಿನಿಂದ ವಾಪಸ್. ಕಟ್ಟಿದೆವು. ಆಮೇಲೆ ಗುಲಾಬಾ ಚೆಕ್‌ಪೋಸ್ಟಿನಲ್ಲಿ ನಾನೇ ಸೈಕಲ್ ನಿಲ್ಲಿಸಿ, ಪರ್ಮಿಟ್ ನಮ್ಮ ಏಜೆಂಟ್ ಹತ್ತಿರ ಇದೆ ಅಂತ ಹರಕು ಹಿಂದಿಯಲ್ಲಿ ವಿವರಿಸಲು ಹೋದೆ. ಅಲ್ಲಿದ್ದ ಪೊಲೀಸಪ್ಪ ನಮ್ಮಿಬ್ಬರ ಸೈಕಲ್ ಮೇಲಿಂದ ಕೆಳಗೆ ನೋಡಿದ. "ಸೈಕಲ್ ಕಾ ಪರ್ಮಿಟ್?" ಅಂದವನೇ ಪಕ್ಕದವನನ್ನು ಕರೆದು ಹೇಳಿದ. ಇಬ್ಬರೂ ನಕ್ಕರು. "ಜಾವೋ ಭಾಯಿ, ಜಾವೋ." ರೋಹ್ತಾಂಗ್ ಪರ್ಮಿಟ್ ಇರುವುದು ಮೋಟಾರು ಗಾಡಿಗೆ. ಮನಾಲಿಯಿಂದ ಲೇಹ್ ತನಕದ ರಸ್ತೆಗೆ ನಮ್ಮಂಥವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕಿಲ್ಲ. ಇಲ್ಲದ ಪರ್ಮಿಟ್ಟಿಗೆ ಏಳು ಸಾವಿರ. ಇನ್ನೊಮ್ಮೆ ಹೇಳುತ್ತೇನೆ, ಏಳು ಸಾವಿರ, ಇಲ್ಲದ ಪರ್ಮಿಟ್ಟಿಗೆ.

ಆದರೆ ನಾನು ಮಂಗ ಆದೆ ಅಂತ ಗೊತ್ತಾಗಿದ್ದು ಅದಕ್ಕೂ ಮುಂಚೆ, ಮನಾಲಿ ಲಾಡ್ಜಿನಲ್ಲಿ.

ಸೈಕಲ್ ಬಿಚ್ಚಿ ಡಬ್ಬಕ್ಕೆ ತುಂಬಿ, ರೈಲಿನಲ್ಲಿ ದೆಹಲಿ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ. ಅಲ್ಲಿ ಗಾಡಿಯೂ ಇಲ್ಲ, ಆ ಆರು ಜನರೂ ಇಲ್ಲ. ಒಂದು ದಿನ ಕಾದೆವು. ಎರಡನೇ ದಿನ ಮಳೆ. ಮಾಡಲು ಕೆಲಸ ಇಲ್ಲದೆ ಆತ ಕಳಿಸಿದ್ದ ಪ್ಲಾನಿನ ಪಿಡಿಎಫ್ ತೆಗೆದು ಮೊದಲ ಸಲ ನಿಧಾನವಾಗಿ ಓದಿದೆ. ಹೌದು, ಮೊದಲ ಸಲ. ಊರಲ್ಲಿದ್ದಾಗ ಫೋಟೋಗಳನ್ನಷ್ಟೇ ನೋಡಿದ್ದೆ. ಮೊದಲ ದಿನ: ಮನಾಲಿ, ರೋಹ್ತಾಂಗ್, ಕೇಲಾಂಗ್. ಎರಡನೇ ದಿನ: ಕೇಲಾಂಗ್‌ನಿಂದ ಸರ್ಚು. ಅದರ ಕೆಳಗೆ ಒಂದು ಸಾಲು: "ಟಾಂಡಿಯಲ್ಲಿ ಟ್ಯಾಂಕ್ ಫುಲ್ ಮಾಡಿಸಿಕೊಳ್ಳುವುದು. ಮುಂದೆ 365 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ."

ಗೆಳೆಯನಿಗೆ ತೋರಿಸಿದೆ. ಅವನು ಓದಿ, ಗೋಡೆಗೆ ಒರಗಿಸಿದ್ದ ಸೈಕಲ್ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿದ. ಇಬ್ಬರೂ ಮಾತಾಡಲಿಲ್ಲ. ಯಾವುದೋ ಬುಲೆಟ್ ಗುಂಪಿನ ಪ್ಲಾನ್ ಎತ್ತಿಕೊಂಡು, ಮೇಲೆ ಸೈಕಲ್ ಚಿತ್ರ ಅಂಟಿಸಿ ಇಪ್ಪತ್ತಾರು ಸಾವಿರಕ್ಕೆ ಮಾರಿದ್ದಾನೆ. ನಾವು ಕೊಂಡಿದ್ದೇವೆ.

ಫೋನ್ ಎತ್ತಲಿಲ್ಲ. ಮೆಸೇಜಿಗೆ ಉತ್ತರ ಬಂತು. ಇದ್ದದ್ದು ಇದ್ದ ಹಾಗೇ ಹಾಕುತ್ತೇನೆ.

ನಾನು: ಸೈಕಲ್ಲಿಗೆ ಪೆಟ್ರೋಲ್ ಯಾಕ್ರೀ?
ಆತ: ಸಾರ್ ಅದು ಬ್ಯಾಕಪ್ ಗಾಡಿಗೆ.
ನಾನು: ಆ ಗಾಡಿ ಎಲ್ಲಿದೆ?
ಆತ: ಬರ್ತಾ ಇದೆ ಸಾರ್. ಮೇಲೆ ನೆಟ್‌ವರ್ಕ್ ಇಲ್ಲ.
ನಾನು: ಡ್ರೈವರ್ ನಂಬರ್ ಕೊಡಿ.
ಆತ: ನೆಟ್‌ವರ್ಕ್ ಇಲ್ಲ ಅಂದ್ನಲ್ಲ ಸಾರ್, ನಂಬರ್ ತಗೊಂಡು ಏನ್ಮಾಡ್ತೀರಾ?
ನಾನು: ಉಳಿದ ಆರು ಜನ?
ಆತ: ಕ್ಯಾನ್ಸಲ್ ಮಾಡಿದ್ರು ಸಾರ್. ಅವರಿಗೆ ನಿಮ್ಮಷ್ಟು ಧೈರ್ಯ ಇಲ್ಲ.

ಕೊನೇ ಸಾಲು ನೋಡಿ. ಅಷ್ಟಾದ ಮೇಲೂ ಬೆಣ್ಣೆ ಹಚ್ಚುತ್ತಾನೆ!

ಬುದ್ಧಿ ಇದ್ದವರು ಅಲ್ಲಿಂದಲೇ ವಾಪಸ್ ಬರುತ್ತಿದ್ದರು. ನಮಗೆ ಊರಲ್ಲಿ ಏನು ಹೇಳುವುದು ಅನ್ನುವ ಚಿಂತೆ. ಅಂಗಡಿ ಮುಂದೆ ಹಾರ ಹಾಕಿಸಿಕೊಂಡು ಹೊರಟಿದ್ದೆವು ಬೇರೆ. ಸರಿ, ನಾವೇ ಹೋಗೋಣ ಅಂತ ಹೊರಟೆವು. ಮೊದಲ ದಿನ ಮಢಿ ತನಕ ಆಯಿತು, ಅಷ್ಟಕ್ಕೇ ಉಸಿರು ಕೈಗೆ ಬಂದಿತ್ತು. ಮರುದಿನ ರೋಹ್ತಾಂಗ್. ಆ ಹಲ್ಲು ಕಿರಿದ ಫೋಟೋ ಅಲ್ಲಿನದು. ಅದನ್ನು ಆತನಿಗೆ ಕಳಿಸಿದವನೂ ನಾನೇ. "ನಿನ್ನ ಗಾಡಿ ಇಲ್ಲದೇನೇ ಹತ್ತಿದೆವು ನೋಡು" ಅಂತ ರೋಷಕ್ಕೆ ಕಳಿಸಿದ್ದು.

ಲೇಹ್‌ನಿಂದ ವಾಪಸ್ ಬರುವ ವಿಮಾನ ಆತನ ಐದು ದಿನದ ಲೆಕ್ಕ ನಂಬಿ ಬುಕ್ ಮಾಡಿದ್ದೆವು. ಈ ದಾರಿಗೆ ಸೈಕಲ್ಲಿನವರು ಸಾಮಾನ್ಯವಾಗಿ ಎಂಟು ಹತ್ತು ದಿನ ಇಟ್ಟುಕೊಳ್ಳುತ್ತಾರೆ. ನಾವು ಟಿಕೆಟ್ಟಿನ ಹಿಂದೆ ಓಡಿದೆವು. ಕೇಲಾಂಗ್ ಸುಮಾರು 3,100 ಮೀಟರ್, ಸರ್ಚು ಹತ್ತಿರ ಹತ್ತಿರ 4,300. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ತೆಳು ಗಾಳಿಗೆ ಮೈ ಒಗ್ಗದೆ ಎತ್ತರದ ಕಾಯಿಲೆ ಬರುತ್ತದೆ. ಆ ಪಿಡಿಎಫ್ ಒಂದೇ ದಿನ 1,200 ಏರಿಸಿತ್ತು. ಬುಲೆಟ್ಟಿನವರೂ ಹಾಗೆ ಮಾಡಿ ಸರ್ಚುವಿನಲ್ಲಿ ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂರುತ್ತಾರಂತೆ, ಢಾಬಾದವನು ಹೇಳಿದ.

ನಮಗೆ ಸರ್ಚು ಮುಟ್ಟಲೂ ಆಗಲಿಲ್ಲ. ಝಿಂಗ್‌ಝಿಂಗ್‌ಬಾರ್ ಹತ್ತಿರದ ಹಳ್ಳಕ್ಕೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಏರಿಬಿಟ್ಟಿತ್ತು. ಅಂಥ ಹಳ್ಳಗಳನ್ನು ಬೆಳಿಗ್ಗೆಯೇ ದಾಟಬೇಕು. ಮೊಣಕಾಲುದ್ದ ಐಸ್ ನೀರಿನಲ್ಲಿ ಸೈಕಲ್ ಹೆಗಲ ಮೇಲೆ ಹೊತ್ತು ದಾಟಿದೆವು. ಬೆರಳು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆ ರಾತ್ರಿ ಢಾಬಾ ಟೆಂಟಿನಲ್ಲಿ ಗೆಳೆಯನಿಗೆ ತಲೆನೋವು, ವಾಂತಿ. ಎದ್ದು ಹೊರಗೆ ಹೋದವನು ನೇರ ನಡೆಯಲಾಗದೆ ಕುಡಿದವನ ಹಾಗೆ ವಾಲಾಡಿದ. ಢಾಬಾದಾತ ಅದನ್ನು ನೋಡಿದ್ದೇ ತಡ, ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರನ್ನು ಎಬ್ಬಿಸಿ, "ಈಗಲೇ ಕೆಳಗೆ ಕರ್ಕೊಂಡು ಹೋಗು, ಬೆಳಗ್ಗೆ ತನಕ ಕಾಯಬೇಡ" ಅಂದ. ಕತ್ತಲಲ್ಲಿ ಆ ತಿರುವು ಇಳಿಯುವಾಗ ಗೆಳೆಯನ ತಲೆ ನನ್ನ ತೊಡೆ ಮೇಲಿತ್ತು. ಅವನ ಇಬ್ಬರು ಮಕ್ಕಳ ಮುಖವೇ ಕಣ್ಣ ಮುಂದೆ. ಕೇಲಾಂಗ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಸಂಜೆ ಹೊತ್ತಿಗೆ "ಮಂಡಕ್ಕಿ ಮೆಣಸಿನಕಾಯಿ ಸಿಕ್ಕಿದ್ರೆ ತಿನ್ನಬೋದಿತ್ತು" ಅಂದ. ಆಗ ನನಗೆ ಜೀವ ಬಂತು.

ಲಾರಿಯವನು ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಾವು ದುಡ್ಡು ಕೊಟ್ಟ ಆಕ್ಸಿಜನ್ ಸಿಲಿಂಡರ್ ಯಾವ ಗಾಡಿಯಲ್ಲಿತ್ತೋ ದೇವರೇ ಬಲ್ಲ.

ಊರಿಗೆ ಬಂದು ದುಡ್ಡು ಕೇಳಿದೆ. "ನೀವೇ ಅರ್ಧಕ್ಕೆ ಬಿಟ್ಟು ಬಂದ್ರಿ ಸಾರ್, ಪಾಲಿಸಿ ಪ್ರಕಾರ ರೀಫಂಡ್ ಇಲ್ಲ." ಯಾವ ಪಾಲಿಸಿ, ಕಳಿಸಿ ಅಂದೆ. ಎರಡು ದಿನ ಸುಮ್ನಿದ್ದು, ನಾಲ್ಕು ಸಾವಿರ ಹಾಕಿ ಕೈ ಮುಗಿಯುವ ಚಿತ್ರ ಕಳಿಸಿದ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಆಮೇಲೆ, ಒಂದು ತಿಂಗಳು ಕಳೆದು. ಅದು ದುಡ್ಡು ಹೋದ ಕೂಡಲೇ ಮಾಡಬೇಕಾದ ಕೆಲಸ ಅಂತ ಆಮೇಲೆ ಗೊತ್ತಾಯಿತು. ಆತನ ಮಾತೇನೆಂದರೆ, ಇದು ಮೋಸವೇ ಅಲ್ಲ, "ಸರ್ವಿಸ್‌ನಲ್ಲಿ ಸಣ್ಣ ಗ್ಯಾಪ್". ಗೆಳೆಯ ಸಾಯುವುದಿತ್ತು ಕಣಯ್ಯಾ, ಸಣ್ಣ ಗ್ಯಾಪಂತೆ!

ಹೋಗುವುದೇ ಆದರೆ ಗಾಡಿ ನಂಬರು, ಡ್ರೈವರ್ ನಂಬರು ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಡ್ರೈವರ್ ಜೊತೆ ನೀವೇ ಮಾತಾಡಿ. ಪ್ಲಾನಿನಲ್ಲಿ ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಬರೆದಿಲ್ಲದಿದ್ದರೆ ಅದು ಸೈಕಲ್ಲಿನ ಪ್ಲಾನೇ ಅಲ್ಲ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ವಿಷಯ ಊರಲ್ಲೇ ಡಾಕ್ಟರನ್ನು ಕೇಳಿಕೊಳ್ಳಿ. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು, ಅದನ್ನೂ ಆತ ಹೇಳಿರಲಿಲ್ಲ. ಮತ್ತೆ ಯಾರಾದರೂ ನಿಮ್ಮ ಸ್ಟ್ಯಾಮಿನಾ ಹೊಗಳಿದರೆ ಫೋನ್ ಇಟ್ಟುಬಿಡಿ.

ಮೊನ್ನೆ ಕೆರೆ ಏರಿ ಮೇಲೆ ಆ ಹುಡುಗನಿಗೆ ಇಷ್ಟನ್ನೂ ನಿಂತುಕೊಂಡೇ ಹೇಳಿದೆ. ಪಾಪ, ಮುಖ ಸಣ್ಣಗಾಯಿತು. ಐದು ಸಾವಿರ ವಾಪಸ್ ಕೇಳುತ್ತೇನೆ ಅಂತ ಹೋದ. ನಾನು ಮನೆಗೆ ಬಂದವನೇ ಆತನಿಗೆ ಮೆಸೇಜ್ ಹಾಕಿದೆ: ನನ್ನ ಫೋಟೋ ಇವತ್ತೇ ತೆಗೀಬೇಕು.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಯಾಕ್ ಸಾರ್, ಎಷ್ಟ್ ಚೆನ್ನಾಗಿ ಬಂದಿದೀರಾ."

ಇದನ್ನು ಬರೆಯುವ ಹೊತ್ತಿಗೂ ತೆಗೆದಿಲ್ಲ. ಈಗ "ಎರಡೇ ಸೀಟ್ ಬಾಕಿ" ಅಂತ ಇದೆ.